ವೈದ್ಯಕೀಯ ಕಾಲೇಜು ಆರಿಸುವ ಮುನ್ನ ಹನ್ನೆರಡು ವರ್ಷಗಳ ಲೆಕ್ಕ

ನೀಟ್ ಫಲಿತಾಂಶ ಪ್ರಕಟವಾದ ವಾರದಲ್ಲಿ ಪರಿಚಿತರು ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಾರೆ. ಅವರ ಕೈಯಲ್ಲಿ ರ‍್ಯಾಂಕ್ ಇರುತ್ತದೆ, ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಇರುತ್ತದೆ, ಮತ್ತು ಒಂದೇ ಒಂದು ಪ್ರಶ್ನೆ ಇರುತ್ತದೆ: ಈ ಎರಡು ಕಾಲೇಜುಗಳಲ್ಲಿ ಯಾವುದು ಒಳ್ಳೆಯದು? ಹಲವು ವರ್ಷ ವಾರ್ಡಿನಲ್ಲಿ ನಿಂತು ಪಾಠ ಹೇಳಿದವನಾಗಿ ನಾನು ಆ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಮೊದಲು ಮತ್ತೊಂದನ್ನು ಕೇಳುತ್ತೇನೆ. ಈ ಹುಡುಗಿ ಮೂವತ್ತರ ವಯಸ್ಸಿಗೆ ಏನಾಗಿರಬೇಕೆಂದು ನೀವು ಬಯಸುತ್ತೀರಿ, ಮತ್ತು ಅಲ್ಲಿಯವರೆಗೆ ಮನೆಯ ಹಣ ಉಳಿಯುತ್ತದೆಯೇ? ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಕಡ್ಡಾಯ ಇಂಟರ್ನ್‌ಷಿಪ್. ಅದರ ಮೇಲೆ ಸ್ನಾತಕೋತ್ತರ (ಪಿಜಿ) ಪದವಿಗಳಾದ ಎಂಡಿ ಅಥವಾ ಎಂಎಸ್‌ಗೆ ಮೂರು ವರ್ಷ. ಹೃದ್ರೋಗ, ನರರೋಗ, ಮೂತ್ರಪಿಂಡದಂಥ ಸೂಪರ್ ಸ್ಪೆಷಾಲಿಟಿ ಬೇಕೆಂದರೆ ಡಿಎಂ ಅಥವಾ ಎಂಸಿಎಚ್‌ಗೆ ಇನ್ನೂ ಮೂರು ವರ್ಷ. ಎಲ್ಲವೂ ಮೊದಲ ಪ್ರಯತ್ನದಲ್ಲೇ ಕೈಗೂಡಿದರೂ ಹನ್ನೊಂದೂವರೆ ವರ್ಷ ಬೇಕು, ಪ್ರವೇಶ ಪರೀಕ್ಷೆಗಳ ನಡುವೆ ಒಂದೆರಡು ವರ್ಷ ಕಳೆದುಹೋಗುವುದು ಸಾಮಾನ್ಯ. ಹಾಗಾಗಿ ಹದಿನೆಂಟನೆಯ ವಯಸ್ಸಿನಲ್ಲಿ ಆರಿಸುವ ಕಾಲೇಜು ಮೂರು ಮಜಲುಗಳ ದಾರಿಯ ಮೊದಲ ಮಜಲು ಮಾತ್ರ. ಉಳಿದೆರಡಕ್ಕೆ ಬೇಕಾದ ಶಕ್ತಿಯನ್ನೆಲ್ಲ ಅಲ್ಲೇ ಖರ್ಚು ಮಾಡಿಬಿಡುವ ಆಯ್ಕೆ, ಕಾಲೇಜಿನ ಹೆಸರು ಎಷ್ಟೇ ದೊಡ್ಡದಿದ್ದರೂ, ಒಳ್ಳೆಯ ಆಯ್ಕೆಯಲ್ಲ.

ನನ್ನ ಅಳತೆಗೋಲು ಎರಡೇ. ವಿದ್ಯಾರ್ಥಿಗೆ ಎಷ್ಟು ರೋಗಿಗಳನ್ನು ಮುಟ್ಟಿ ನೋಡುವ ಅವಕಾಶ ಸಿಗುತ್ತದೆ ಎಂಬುದು ಮೊದಲನೆಯದು. ಕುಟುಂಬವನ್ನು ಸಾಲದಲ್ಲಿ ಮುಳುಗಿಸದೆ ಆ ಓದು ಮುಗಿಯುತ್ತದೆಯೇ ಎಂಬುದು ಎರಡನೆಯದು. ಕಟ್ಟಡ, ಹಾಸ್ಟೆಲ್, ಕ್ಯಾಂಪಸ್, ರ‍್ಯಾಂಕಿಂಗ್ ಪಟ್ಟಿಗಳೆಲ್ಲ ಇವುಗಳ ನಂತರ ಬರಬೇಕಾದವು.

ಸೀಟಿನ ಬಗೆಗಳು

ಕರ್ನಾಟಕದಲ್ಲಿ ಸುಮಾರು 70 ವೈದ್ಯಕೀಯ ಕಾಲೇಜುಗಳೂ 12 ಸಾವಿರಕ್ಕೂ ಹೆಚ್ಚು ಎಂಬಿಬಿಎಸ್ ಸೀಟುಗಳೂ ಇವೆ. ಸಂಖ್ಯೆ ಕೇಳಿದರೆ ಧಾರಾಳವಾಗಿ ಕಾಣುತ್ತದೆ, ಆದರೆ ಇವುಗಳಲ್ಲಿ ದೊಡ್ಡ ಪಾಲು ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳದ್ದು. ಒಂದೇ ನೀಟ್ ಅಂಕದ ಮೇಲೆ ಎರಡು ಬೇರೆ ಕೌನ್ಸೆಲಿಂಗ್‌ಗಳು, ಅಂದರೆ ಸೀಟು ಹಂಚಿಕೆಗಳು, ನಡೆಯುತ್ತವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ರಾಜ್ಯದ ಸರ್ಕಾರಿ ಕಾಲೇಜುಗಳ ಶೇ 85ರಷ್ಟು ಸೀಟುಗಳನ್ನೂ ಖಾಸಗಿ ಕಾಲೇಜುಗಳ ಸೀಟುಗಳನ್ನೂ ಹಂಚುತ್ತದೆ. ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ, ಸರ್ಕಾರಿ ಕಾಲೇಜುಗಳ ಶೇ 15ರ ಅಖಿಲ ಭಾರತ ಕೋಟಾವನ್ನು, ಕೇಂದ್ರ ಸಂಸ್ಥೆಗಳಾದ ಏಮ್ಸ್ ಮತ್ತು ಜಿಪ್ಮರ್ ಸೀಟುಗಳನ್ನು ಹಾಗೂ ಮಣಿಪಾಲ, ಜೆಎಸ್‌ಎಸ್, ಕೆಎಲ್‌ಇ, ನಿಟ್ಟೆ, ಯೇನೆಪೋಯದಂಥ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ಹಂಚುತ್ತದೆ. ಎರಡರಲ್ಲೂ ಹೆಸರು ನೋಂದಾಯಿಸುವುದರಿಂದ ನಷ್ಟವಿಲ್ಲ, ಆದರೆ ಸುತ್ತು ಮುಂದುವರಿದಂತೆ ಸೀಟು ಬಿಟ್ಟುಹೋಗುವ ನಿಯಮಗಳು ಬಿಗಿಯಾಗುತ್ತವೆ ಮತ್ತು ಠೇವಣಿ ಮುಟ್ಟುಗೋಲಾಗಬಹುದು. ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಮನೆಯಲ್ಲಿ ಒಬ್ಬರಾದರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿರಬೇಕು.

ಶುಲ್ಕದ ಅಂತರವೇ ಈ ಬಗೆಗಳ ನಿಜವಾದ ವ್ಯತ್ಯಾಸ. ಸರ್ಕಾರಿ ಕಾಲೇಜಿನ ಬೋಧನಾ ಶುಲ್ಕ ವರ್ಷಕ್ಕೆ ಒಂದು ಲಕ್ಷಕ್ಕಿಂತ ಕಡಿಮೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು, ಅದೇ ತರಗತಿಯಲ್ಲಿ ಅದೇ ಬೆಂಚಿನ ಖಾಸಗಿ ಕೋಟಾದ ಸೀಟಿಗೆ ಹತ್ತು ಲಕ್ಷಕ್ಕೂ ಹೆಚ್ಚು. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಹದಿನೈದರಿಂದ ಇಪ್ಪತ್ತೈದು ಲಕ್ಷದವರೆಗೆ ಹೋಗುತ್ತದೆ. ಹಾಗಾಗಿ ‘ಖಾಸಗಿ ಕಾಲೇಜು’ ಎಂದು ಕೇಳಿದೊಡನೆ ಕೈಬಿಡಬೇಡಿ. ಅಲ್ಲಿನ ಸರ್ಕಾರಿ ಕೋಟಾದ ಸೀಟು ಸಾಮಾನ್ಯ ನೌಕರ ಕುಟುಂಬದ ಕೈಗೆಟುಕುವಂಥದ್ದು. ಹಳೆಯದಾದ, ರೋಗಿಗಳು ಚೆನ್ನಾಗಿ ಬರುವ ಖಾಸಗಿ ಕಾಲೇಜೊಂದರಲ್ಲಿ ಆ ಸೀಟು ಸಿಕ್ಕರೆ ಕೆಲವು ಹೊಸ ಸರ್ಕಾರಿ ಕಾಲೇಜುಗಳಿಗಿಂತ ಅದನ್ನೇ ಮೇಲಿಡಬಹುದು.

ಕನ್ನಡ ಓದುವ ಕುಟುಂಬಗಳು ಕಳೆದುಕೊಳ್ಳಬಾರದ ಕೆಲವು ಹಕ್ಕುಗಳಿವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371ಜೆ ವಿಧಿಯಡಿ ಪ್ರತ್ಯೇಕ ಸೀಟುಗಳಿವೆ. ಕಾರ್ಮಿಕ ರಾಜ್ಯ ವಿಮಾ ನಿಗಮದ ಕಾಲೇಜುಗಳು ಬೆಂಗಳೂರಿನ ರಾಜಾಜಿನಗರದಲ್ಲೂ ಕಲಬುರಗಿಯಲ್ಲೂ ಇದ್ದು, ಇಎಸ್‌ಐ ಕಾರ್ಡ್ ಹೊಂದಿರುವ ಕಾರ್ಮಿಕರ ಮಕ್ಕಳಿಗೆ ಅಲ್ಲಿ ಮೀಸಲು ಸೀಟುಗಳಿವೆ. ಕಾರ್ಖಾನೆಯಲ್ಲಿ ದುಡಿಯುವ ಎಷ್ಟೋ ತಂದೆ ತಾಯಿಗೆ ಈ ವಿಷಯ ತಿಳಿದೇ ಇರುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕಾದ ವ್ಯಾಸಂಗ ಪ್ರಮಾಣಪತ್ರ, ಉಪವಿಭಾಗಾಧಿಕಾರಿ ಕೊಡುವ 371ಜೆ ಪ್ರಮಾಣಪತ್ರ ಇವನ್ನೆಲ್ಲ ಪರೀಕ್ಷೆಗೂ ಮೊದಲೇ ಮಾಡಿಸಿಟ್ಟುಕೊಳ್ಳಿ, ಏಕೆಂದರೆ ಕೌನ್ಸೆಲಿಂಗ್ ಆರಂಭವಾದ ಮೇಲೆ ಕಚೇರಿಗಳಲ್ಲಿ ಸಾಲು ದೊಡ್ಡದಿರುತ್ತದೆ ಮತ್ತು ದಾಖಲೆ ಪರಿಶೀಲನೆಯ ದಿನ ಯಾರಿಗೂ ಕಾಯುವುದಿಲ್ಲ.

ಕೌನ್ಸೆಲಿಂಗ್‌ನಲ್ಲಿ ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿಯಲ್ಲಿ ಅವುಗಳನ್ನು ನಿಜವಾದ ಇಷ್ಟದ ಕ್ರಮದಲ್ಲೇ ಬರೆಯಿರಿ. ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದು ತಪ್ಪಿಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನಿಮ್ಮ ರ‍್ಯಾಂಕಿಗೆ ಲಭ್ಯವಿರುವವುಗಳಲ್ಲಿ ಪಟ್ಟಿಯ ಅತ್ಯಂತ ಮೇಲಿರುವುದನ್ನೇ ಗಣಕ ಕೊಡುತ್ತದೆ.

ಹಳೆಯ ಕಾಲೇಜೋ, ಹೊಸ ಜಿಲ್ಲಾ ಕಾಲೇಜೋ

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಆಯ್ಕೆ ಇದು, ಏಕೆಂದರೆ ಎರಡೂ ಕಡೆ ಶುಲ್ಕ ಹೆಚ್ಚುಕಡಿಮೆ ಒಂದೇ ಮತ್ತು ಎರಡೂ ಕಡೆ ಪದವಿಯ ಹೆಸರು ಒಂದೇ.

ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಆರಂಭವಾದದ್ದು; ಕೆ.ಆರ್. ಆಸ್ಪತ್ರೆ ಮತ್ತು ಚೆಲುವಾಂಬ ಆಸ್ಪತ್ರೆ ಅದರ ಬೆನ್ನಿಗಿವೆ. ಬೆಂಗಳೂರು ವೈದ್ಯಕೀಯ ಕಾಲೇಜು 1955ರದ್ದು. 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ, ವಾಣಿವಿಲಾಸ, ಮಿಂಟೋ ಕಣ್ಣಾಸ್ಪತ್ರೆ ಎಲ್ಲವೂ ಅದರ ವಿದ್ಯಾರ್ಥಿಗಳ ಪಾಠಶಾಲೆ. ಹುಬ್ಬಳ್ಳಿಯ ಕಾಲೇಜು 1957ರದ್ದು, ಬಳ್ಳಾರಿಯದು 1961ರದ್ದು. ಇಂಥ ಆಸ್ಪತ್ರೆಗಳಿಗೆ ಸುತ್ತಲಿನ ಹಲವು ಜಿಲ್ಲೆಗಳಿಂದ ರೋಗಿಗಳು ತಲೆಮಾರುಗಳಿಂದ ಬರುತ್ತಿದ್ದಾರೆ. ಎಲ್ಲ ವಿಭಾಗಗಳಲ್ಲೂ ಪಿಜಿ ವಿದ್ಯಾರ್ಥಿಗಳಿದ್ದಾರೆ, ಅಪರೂಪದ ಕಾಯಿಲೆಗಳು ಕಾಣಸಿಗುತ್ತವೆ, ಗ್ರಂಥಾಲಯ ಹಳೆಯದು, ಹಿರಿಯ ವಿದ್ಯಾರ್ಥಿಗಳ ಬಳಗ ನಾಡಿನಾಚೆಗೂ ಹರಡಿದೆ. ಪಿಜಿ ಪ್ರವೇಶಕ್ಕೆ ಓದುವ ವಾತಾವರಣವೂ ಅಲ್ಲಿ ತಾನಾಗಿಯೇ ಇರುತ್ತದೆ. ಮೂರನೆಯ ವರ್ಷದ ಹುಡುಗ ರಾತ್ರಿ ಹನ್ನೊಂದಕ್ಕೆ ಗ್ರಂಥಾಲಯದಲ್ಲಿ ಸೀನಿಯರ್‌ಗಳು ಕುಳಿತಿರುವುದನ್ನು ನೋಡಿ ತಾನೂ ಕೂರುತ್ತಾನೆ.

ಆದರೆ ಇದೇ ಹಿರಿಮೆಗೆ ಇನ್ನೊಂದು ಮುಖವಿದೆ. ಒಂದು ರೋಗಿಯ ಸುತ್ತ ಇಬ್ಬರು ಪಿಜಿಗಳು, ನಾಲ್ವರು ಇಂಟರ್ನ್‌ಗಳು, ಹತ್ತು ಮಂದಿ ವಿದ್ಯಾರ್ಥಿಗಳು ನಿಂತಿದ್ದರೆ ಹೊಟ್ಟೆಯ ನೀರು ತೆಗೆಯುವ ಸೂಜಿ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಇಂಟರ್ನ್‌ನ ಪಾಲಿಗೆ ರಕ್ತದ ಮಾದರಿ ಲ್ಯಾಬಿಗೆ ಒಯ್ಯುವುದು, ವರದಿ ತರುವುದು, ಡಿಸ್ಚಾರ್ಜ್ ಸಾರಾಂಶ ಬರೆಯುವುದು ಉಳಿಯುತ್ತದೆ. ಪಿಜಿಗಳು ಕಡಿಮೆಯಿರುವ ಜಿಲ್ಲಾ ಕಾಲೇಜಿನಲ್ಲಿ ಅದೇ ಇಂಟರ್ನ್ ಹೆರಿಗೆ ಮಾಡಿಸಿರುತ್ತಾಳೆ, ಗಾಯಕ್ಕೆ ಹೊಲಿಗೆ ಹಾಕಿರುತ್ತಾಳೆ, ಕೀಟನಾಶಕ ಕುಡಿದು ಬಂದವನಿಗೆ ರಾತ್ರಿಯಿಡೀ ಅಟ್ರೋಪಿನ್ ಕೊಡುತ್ತ ಕಣ್ಣಿನ ಪಾಪೆ ನೋಡುತ್ತ ಕುಳಿತಿರುತ್ತಾಳೆ. ಹಾಸನ, ಮಂಡ್ಯ, ಶಿವಮೊಗ್ಗ, ಬೀದರ್, ರಾಯಚೂರು ಮುಂತಾದ ಕಡೆಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಹುಟ್ಟಿದ ಸರ್ಕಾರಿ ಕಾಲೇಜುಗಳು ಈಗ ಸಾಕಷ್ಟು ಬೇರುಬಿಟ್ಟಿವೆ, ಹಲವು ವಿಭಾಗಗಳಲ್ಲಿ ಪಿಜಿಯೂ ಆರಂಭವಾಗಿದೆ. ಜನಸಂದಣಿಯೂ ಅತಿಯಾಗದ, ಬೋಧಕರೂ ಕಡಿಮೆಯಾಗದ ಈ ಮಧ್ಯದ ಗುಂಪನ್ನು ಪೋಷಕರು ಅನ್ಯಾಯವಾಗಿ ಕೆಳಗಿಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಶಿವಮೊಗ್ಗದಲ್ಲಿ ಓದಿದವರು ಮಂಗನ ಕಾಯಿಲೆಯ ಹೆಸರನ್ನು ಪುಸ್ತಕದಲ್ಲಿ ಓದುವ ಮೊದಲೇ ಮಲೆನಾಡಿನ ರೋಗಿಯ ಬಾಯಲ್ಲಿ ಕೇಳಿರುತ್ತಾರೆ; 1957ರಲ್ಲಿ ಆ ವೈರಸ್ ಪತ್ತೆಯಾದದ್ದು ಅದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಚಾಮರಾಜನಗರದಲ್ಲಿ ಓದುವವರಿಗೆ ಸೋಲಿಗರಲ್ಲಿ ಕಂಡುಬರುವ ಕುಡುಗೋಲು ಕಣ ರಕ್ತಹೀನತೆ ಪ್ರಶ್ನೆಪತ್ರಿಕೆಯ ಸಂಗತಿಯಾಗಿ ಉಳಿಯುವುದಿಲ್ಲ.

ಹೊಚ್ಚ ಹೊಸ ಕಾಲೇಜುಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಹಾವೇರಿ, ಚಿಕ್ಕಮಗಳೂರು, ಯಾದಗಿರಿಯಂಥ ಕಡೆ ಕೆಲವೇ ವರ್ಷಗಳ ಹಿಂದೆ ಆರಂಭವಾದವುಗಳಲ್ಲಿ ಜಿಲ್ಲಾಸ್ಪತ್ರೆಗೆ ರೋಗಿಗಳು ಖಂಡಿತ ಬರುತ್ತಾರೆ, ಆದರೆ ಯಾವುದೇ ಹೊಸ ಕಾಲೇಜಿನಲ್ಲಿ ಬೋಧಕರ ತಂಡ ನೆಲೆಗೊಳ್ಳಲು ಕಾಲ ಬೇಕು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳಲ್ಲಿ ಎಷ್ಟು ಮಂದಿ ಕಾಯಂ ಬೋಧಕರಿದ್ದಾರೆ ಎಂದು ಕೇಳಿ. ಮೊದಲ ವರ್ಷ ಎಡವಿದವರು ಕೊನೆಯವರೆಗೂ ಕುಂಟುತ್ತಾರೆ. ಕನ್ನಡ ಮಾಧ್ಯಮದಿಂದ ಬಂದು ಏಕಾಏಕಿ ಇಂಗ್ಲಿಷಿನ ಅಂಗರಚನಾಶಾಸ್ತ್ರವನ್ನು ಎದುರಿಸುವ ಮಕ್ಕಳಿಗೆ ಆ ವರ್ಷ ಕೈಹಿಡಿದು ನಡೆಸುವ ಶಿಕ್ಷಕರು ಬೇಕೇ ಬೇಕು. ಅಂಥ ಮಕ್ಕಳಿಗೆ ಮುಂದೆ ಬೇರೆಯವರಿಗಿಲ್ಲದ ಬಲವೊಂದು ಸಿಗುತ್ತದೆ: ಹುಬ್ಬಳ್ಳಿಯ ವಾರ್ಡಿನಲ್ಲಿ ಅಜ್ಜಿ ‘ದಮ್ಮು ಹತ್ತೈತ್ರಿ’ ಎಂದಾಗ, ಮಂಡ್ಯದ ರೋಗಿ ಉಬ್ಬಸಕ್ಕೆ ‘ಗೂರ್ಲು’ ಎಂದಾಗ, ರೋಗದ ಇತಿಹಾಸದ ಅರ್ಧ ಭಾಗ ಅವರಿಗೆ ಆ ಒಂದು ಮಾತಿನಲ್ಲೇ ತಿಳಿದುಹೋಗಿರುತ್ತದೆ.

ಕಾಲೇಜು ನೋಡಲು ಹೋಗುವುದು

ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಮಾನದಂಡದಂತೆ 100 ಸೀಟಿನ ಕಾಲೇಜಿಗೆ 420 ಹಾಸಿಗೆ, 150 ಸೀಟಿಗೆ 605 ಹಾಸಿಗೆಯ ಆಸ್ಪತ್ರೆ ಇರಬೇಕು, ವರ್ಷವಿಡೀ ಸರಾಸರಿ ಶೇ 80ರಷ್ಟು ಹಾಸಿಗೆಗಳು ತುಂಬಿರಬೇಕು. ಕಾಗದದಲ್ಲಿ ಎಲ್ಲ ಕಾಲೇಜುಗಳೂ ಈ ಲೆಕ್ಕವನ್ನು ಒಪ್ಪಿಸುತ್ತವೆ. ತಪಾಸಣೆಯ ದಿನಕ್ಕಷ್ಟೇ ರೋಗಿಗಳನ್ನು, ಬೋಧಕರನ್ನು ಕರೆತಂದ ಆರೋಪಗಳು ದೇಶದ ನಾನಾ ಕಡೆಗಳಿಂದ ವರದಿಯಾಗಿರುವುದರಿಂದ ಕಣ್ಣಾರೆ ನೋಡಿದ್ದನ್ನಷ್ಟೇ ನಂಬುವುದು ಕ್ಷೇಮ.

ಭಾನುವಾರ ಕ್ಯಾಂಪಸ್ ಸುತ್ತುವುದರಿಂದ ಏನೂ ತಿಳಿಯುವುದಿಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೊರರೋಗಿ ವಿಭಾಗದ ಚೀಟಿ ಕೌಂಟರ್ ಎದುರು ಅರ್ಧ ಗಂಟೆ ನಿಲ್ಲಿ. ಸಾಲು ಎಷ್ಟಿದೆ, ಯಾವ ಊರಿನವರು ಬಂದಿದ್ದಾರೆ ನೋಡಿ. ನಂತರ ಜನರಲ್ ವಾರ್ಡಿನ ಬಾಗಿಲಿನಿಂದ ಹಾಸಿಗೆಗಳು ತುಂಬಿವೆಯೇ ಗಮನಿಸಿ. ಒಳಗೆ ನುಗ್ಗಿ ರೋಗಿಗಳಿಗೆ ತೊಂದರೆ ಕೊಡಬೇಡಿ. ಕ್ಯಾಂಟೀನಿನಲ್ಲಿ ಸಿಗುವ ಇಂಟರ್ನ್‌ಗಳನ್ನು ವಿನಯದಿಂದ ಮಾತಾಡಿಸಿ. ತಿಂಗಳಿಗೆ ಸುಮಾರು ಎಷ್ಟು ಹೆರಿಗೆಗಳಾಗುತ್ತವೆ, ನೀವೇ ಮಾಡಿಸಿದ್ದೆಷ್ಟು, ರಾತ್ರಿ ಕ್ಯಾಶುವಾಲ್ಟಿಯಲ್ಲಿ ಹಿರಿಯ ವೈದ್ಯರು ಇರುತ್ತಾರೆಯೇ, ಮರಣೋತ್ತರ ಪರೀಕ್ಷೆಗಳನ್ನು ನೋಡಿದ್ದೀರಾ, ಸ್ಟೈಪೆಂಡ್ ಪೂರ್ತಿ ಕೈಗೆ ಬರುತ್ತದೆಯೇ, ರ‍್ಯಾಗಿಂಗ್ ದೂರು ಕೊಟ್ಟರೆ ಕೇಳುವವರಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಇಂಟರ್ನ್‌ಗಳು ಕೊಡುವ ಉತ್ತರ ಯಾವ ಜಾಲತಾಣದಲ್ಲೂ ಸಿಗುವುದಿಲ್ಲ. ಹೆಣ್ಣುಮಕ್ಕಳ ತಂದೆ ತಾಯಿ ರಾತ್ರಿ ಡ್ಯೂಟಿ ಮುಗಿದ ಮೇಲೆ ವಿಶ್ರಾಂತಿ ಕೊಠಡಿ ಎಲ್ಲಿದೆ, ಹಾಸ್ಟೆಲ್ ಎಷ್ಟು ದೂರ ಎಂದು ಕೇಳಲೇಬೇಕು.

ಖಾಸಗಿ ಕೋಟಾ, ಡೀಮ್ಡ್, ಮತ್ತು ಇನ್ನೊಂದು ವರ್ಷ ಓದುವುದು

ಖಾಸಗಿ ಕಾಲೇಜುಗಳೆಲ್ಲ ಒಂದೇ ಎಂಬ ಮಾತು ಸರಿಯಲ್ಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜು, 1963ರಲ್ಲಿ ಆರಂಭವಾದ ಬೆಂಗಳೂರಿನ ಸೇಂಟ್ ಜಾನ್ಸ್, ಅದೇ ವರ್ಷದ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, 1965ರ ದಾವಣಗೆರೆಯ ಜೆಜೆಎಂ ಇವುಗಳಿಗೆ ದಶಕಗಳ ಬೋಧನಾ ಪರಂಪರೆ ಇದೆ. ಮಂಗಳೂರಿನ ಕಸ್ತೂರಬಾ ಕಾಲೇಜಿನ ವಿದ್ಯಾರ್ಥಿಗಳು ಸರ್ಕಾರಿ ವೆನ್ಲಾಕ್ ಜಿಲ್ಲಾಸ್ಪತ್ರೆಯಲ್ಲಿ ಕಲಿಯುತ್ತಾರೆ. ಖಾಸಗಿ ಕಾಲೇಜಿನ ಶಿಸ್ತು ಮತ್ತು ಸರ್ಕಾರಿ ಆಸ್ಪತ್ರೆಯ ರೋಗಿಗಳು ಒಟ್ಟಿಗೆ ಸಿಗುವ ಇಂಥ ಏರ್ಪಾಡು ಕಲಿಯುವವರಿಗೆ ಬಹಳ ಅನುಕೂಲ. ಇದಕ್ಕೆ ವಿರುದ್ಧವಾಗಿ, ಚಿಕಿತ್ಸೆಗೆ ಹಣ ಕೊಟ್ಟು ಖಾಸಗಿ ಕೊಠಡಿಯಲ್ಲಿ ಮಲಗಿದ ರೋಗಿ ವಿದ್ಯಾರ್ಥಿಗಳು ಹೊಟ್ಟೆ ಮುಟ್ಟಿ ನೋಡುವುದಕ್ಕೆ ಒಪ್ಪದೇ ಇರಬಹುದು, ಒಪ್ಪಬೇಕಾದ ಕಾರಣವೂ ಇಲ್ಲ. ಆದ್ದರಿಂದ ಖಾಸಗಿ ಆಸ್ಪತ್ರೆಯ ಒಟ್ಟು ಹಾಸಿಗೆಗಳಲ್ಲಿ ಜನರಲ್ ವಾರ್ಡಿನ ಪಾಲೆಷ್ಟು ಎಂದು ಕೇಳಿ.

ಇನ್ನು ಹಣದ ಮಾತು. ಖಾಸಗಿ ಕೋಟಾದಲ್ಲಿ ಶುಲ್ಕ, ಹಾಸ್ಟೆಲ್, ಪುಸ್ತಕ ಎಲ್ಲ ಸೇರಿ 50 ಲಕ್ಷ ರೂಪಾಯಿ ಸಾಲವಾಯಿತೆಂದು ಇಟ್ಟುಕೊಳ್ಳೋಣ. ಶೇ 10ರ ಬಡ್ಡಿಯಲ್ಲಿ ವರ್ಷಕ್ಕೆ 5 ಲಕ್ಷ, ತಿಂಗಳಿಗೆ 41 ಸಾವಿರಕ್ಕೂ ಮೇಲೆ ಬಡ್ಡಿಯೇ ಆಗುತ್ತದೆ, ಅಸಲು ಹಾಗೆಯೇ ಉಳಿಯುತ್ತದೆ. ಎಂಡಿ ಓದುವ ರೆಸಿಡೆಂಟ್‌ಗೆ ಸಿಗುವ ಸ್ಟೈಪೆಂಡಿನ ಬಹುಭಾಗ ಅಲ್ಲಿಗೆ ಹೋಗುತ್ತದೆ. ಸಾಲ ತೀರಿಸಬೇಕಾದ ಒತ್ತಡದಲ್ಲಿ ಎಂಬಿಬಿಎಸ್ ಮುಗಿಸಿದ ಕೂಡಲೇ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿಗೆ ಸೇರಿ, ಪಿಜಿ ಪರೀಕ್ಷೆಗೆ ಓದಲು ಸಮಯವಿಲ್ಲದೆ ಮೂರು ನಾಲ್ಕು ವರ್ಷ ಕಳೆದ ಬುದ್ಧಿವಂತ ಮಕ್ಕಳನ್ನು ನಾನು ನೋಡಿದ್ದೇನೆ, ಅದು ನನ್ನನ್ನು ಬಹಳ ನೋಯಿಸಿದೆ. ಜಮೀನು ಮಾರಿ ಎಂಬಿಬಿಎಸ್ ಓದಿಸುವ ಮುನ್ನ ಪಿಜಿಗೆ ಮಾರಲು ಏನು ಉಳಿದಿದೆ ಎಂದು ಯೋಚಿಸಿ. ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ರೇಡಿಯಾಲಜಿ ಅಥವಾ ಚರ್ಮರೋಗದ ಪಿಜಿ ಸೀಟು ಮೂರು ವರ್ಷಕ್ಕೆ ಕೋಟಿ ರೂಪಾಯಿ ದಾಟಬಲ್ಲದು.

ಹಾಗಾದರೆ ಇನ್ನೊಂದು ವರ್ಷ ನೀಟ್‌ಗೆ ಓದಬೇಕೇ? ಸರ್ಕಾರಿ ಸೀಟಿನ ಗೆರೆಗೆ ಹತ್ತಿರ ಬಂದು ತಪ್ಪಿಸಿಕೊಂಡವರು, ಎಲ್ಲಿ ಅಂಕ ಹೋಯಿತೆಂದು ತಾವೇ ಗುರುತಿಸಬಲ್ಲವರು, ಒಂದು ಬಾರಿ ಮತ್ತೆ ಬರೆಯುವುದು ಸಾಲಕ್ಕಿಂತ ಎಷ್ಟೋ ಮೇಲು. ಮೂರನೆಯ, ನಾಲ್ಕನೆಯ ಪ್ರಯತ್ನವನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ, ಏಕೆಂದರೆ ಮುಂದೆ ಇದಕ್ಕಿಂತ ಕಠಿಣವಾದ ಎರಡು ಪ್ರವೇಶ ಪರೀಕ್ಷೆಗಳು ಕಾದಿರುತ್ತವೆ ಮತ್ತು ಮನಸ್ಸಿನ ಕಸುವು ಅವುಗಳಿಗೆ ಉಳಿಯಬೇಕು.

ವಿದೇಶದ ಎಂಬಿಬಿಎಸ್

ಕಡಿಮೆ ಹಣಕ್ಕೆ ವೈದ್ಯರಾಗಬಹುದು ಎಂದು ಏಜೆಂಟರು ಹೇಳುವ ದಾರಿಯಲ್ಲಿ ನಿಜವೂ ಇದೆ, ಅಪಾಯವೂ ಇದೆ. 2021ರ ನವೆಂಬರಿನಲ್ಲಿ ಜಾರಿಗೆ ಬಂದ ನಿಯಮದಂತೆ ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಷಿಪ್, ಇಂಗ್ಲಿಷ್ ಮಾಧ್ಯಮ ಇರಬೇಕು, ಅಲ್ಲದೆ ಆ ದೇಶದ ಪ್ರಜೆಗಳಂತೆಯೇ ಅಲ್ಲಿ ವೃತ್ತಿ ನಡೆಸಲು ಪರವಾನಗಿ ಪಡೆಯುವ ಅರ್ಹತೆ ಆ ಪದವಿಗೆ ಇರಬೇಕು. ಹೋಗುವ ಮೊದಲೇ ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು. ಮರಳಿ ಬಂದ ಮೇಲೆ ವಿದೇಶದಲ್ಲಿ ಓದಿದವರಿಗಾಗಿ ನಡೆಯುವ 300 ಅಂಕಗಳ ಎಫ್‌ಎಂಜಿಇ ಪರೀಕ್ಷೆಯಲ್ಲಿ 150 ಪಡೆಯಬೇಕು, ಆನಂತರ ಇಲ್ಲಿಯೂ ಒಂದು ವರ್ಷ ಇಂಟರ್ನ್‌ಷಿಪ್ ಮಾಡಬೇಕು. ಆ ಪರೀಕ್ಷೆಯಲ್ಲಿ ಪಾಸಾಗುವವರಿಗಿಂತ ನಪಾಸಾಗುವವರೇ ಬಹಳ ಹೆಚ್ಚು. ನಿಯಮಗಳಿಗಿಂತ ನನ್ನನ್ನು ಕಾಡುವುದು ಭಾಷೆ. ತರಗತಿ ಇಂಗ್ಲಿಷಿನಲ್ಲಿದ್ದರೂ ರೋಗಿ ರಷ್ಯನ್ ಅಥವಾ ಉಜ್ಬೆಕ್ ಮಾತಾಡುತ್ತಾನೆ. ಅವನ ಮಾತು ತಿಳಿಯದೆ ಆರು ವರ್ಷ ಕಳೆದವರು ರೋಗದ ಇತಿಹಾಸ ಕೇಳುವುದನ್ನು ಕಲಿಯುವುದಾದರೂ ಹೇಗೆ? 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಯುದ್ಧಕ್ಕೆ ಬಲಿಯಾದುದನ್ನು ಕರ್ನಾಟಕ ಮರೆತಿಲ್ಲ. ದೇಶದ ಸ್ಥಿರತೆಯನ್ನೂ ನೋಡಿ ಎಂದು ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಎಂಡಿ, ಎಂಎಸ್, ಡಿಎನ್‌ಬಿ

ಎರಡನೆಯ ಮಜಲಿಗೆ ಎರಡು ಬಾಗಿಲುಗಳಿವೆ. 800 ಅಂಕಗಳ ನೀಟ್ ಪಿಜಿ ಒಂದು. ಏಮ್ಸ್, ಜಿಪ್ಮರ್, ಚಂಡೀಗಢದ ಪಿಜಿಐ, ಬೆಂಗಳೂರಿನ ನಿಮ್ಹಾನ್ಸ್ ಮುಂತಾದವುಗಳಿಗಾಗಿ ವರ್ಷಕ್ಕೆ ಎರಡು ಬಾರಿ ನಡೆಯುವ ಐಎನ್‌ಐ ಸಿಇಟಿ ಇನ್ನೊಂದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪಿಜಿ ವೈದ್ಯಕೀಯ ಸೀಟುಗಳಲ್ಲಿ ವಾಸಸ್ಥಳ ಆಧಾರಿತ ಮೀಸಲಾತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿರುವುದರಿಂದ, ಎಂಬಿಬಿಎಸ್‌ನಲ್ಲಿ ಕನ್ನಡನಾಡಿನವರೆಂಬ ಕಾರಣಕ್ಕೆ ಸಿಗುವ ಆಸರೆಯನ್ನು ನಂಬಿ ಪಿಜಿಯ ಲೆಕ್ಕ ಹಾಕಬಾರದು. ಅಲ್ಲಿ ಇಡೀ ದೇಶದ ಜೊತೆ ಸ್ಪರ್ಧೆ.

ವೈದ್ಯಕೀಯ ಕಾಲೇಜಿನ ಎಂಡಿ, ಎಂಎಸ್ ಮತ್ತು ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ ಕಾನೂನಿನ ದೃಷ್ಟಿಯಲ್ಲಿ ಸಮಾನ. ಎರಡಕ್ಕೂ ನೀಟ್ ಪಿಜಿ ಅಂಕವೇ ಆಧಾರ, ಎರಡಕ್ಕೂ ಮೂರು ವರ್ಷ, ಎರಡಕ್ಕೂ ಪ್ರಬಂಧ ಬರೆಯಬೇಕು. ಕೆಲಸದ ಬಗೆ ಮಾತ್ರ ಬೇರೆ. ಸರ್ಕಾರಿ ಕಾಲೇಜಿನ ಎಂಎಸ್ ಸರ್ಜರಿ ವಿದ್ಯಾರ್ಥಿ ಎರಡನೆಯ ವರ್ಷಕ್ಕೇ ಅಪೆಂಡಿಕ್ಸ್, ಹರ್ನಿಯಾ ಶಸ್ತ್ರಕ್ರಿಯೆಗಳನ್ನು ಹಿರಿಯರ ಕಣ್ಗಾವಲಿನಲ್ಲಿ ತಾನೇ ಮಾಡತೊಡಗುತ್ತಾನೆ. ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯ ಡಿಎನ್‌ಬಿ ವಿದ್ಯಾರ್ಥಿ ರೋಬೋಟಿಕ್ ಶಸ್ತ್ರಕ್ರಿಯೆ, ಅಂಗ ಕಸಿ ನೋಡಿರುತ್ತಾನೆ, ಆಧುನಿಕ ಐಸಿಯು ನಿರ್ವಹಣೆ ಕಲಿತಿರುತ್ತಾನೆ, ಆದರೆ ಹಣ ಕೊಟ್ಟು ಹಿರಿಯ ಸರ್ಜನ್ನನ್ನೇ ಹುಡುಕಿಕೊಂಡು ಬಂದ ರೋಗಿಯ ಮೇಲೆ ಚಾಕು ಹಿಡಿಯುವ ಅವಕಾಶ ಕಡಿಮೆ. ಆದುದರಿಂದ ಕೈಚಳಕವೇ ಮುಖ್ಯವಾದ ಸರ್ಜರಿ, ಸ್ತ್ರೀರೋಗ, ಮೂಳೆರೋಗ ವಿಭಾಗಗಳಿಗೆ ಸರ್ಕಾರಿ ಕಾಲೇಜನ್ನೂ, ಅರಿವಳಿಕೆ, ತುರ್ತು ಚಿಕಿತ್ಸೆ, ರೇಡಿಯಾಲಜಿಯಂಥವುಗಳಿಗೆ ಒಳ್ಳೆಯ ಡಿಎನ್‌ಬಿ ಆಸ್ಪತ್ರೆಯನ್ನೂ ಸಮಾನ ಗೌರವದಿಂದ ಪರಿಗಣಿಸಬೇಕೆಂಬುದು ನನ್ನ ನಿಲುವು. ಜಿಲ್ಲಾಸ್ಪತ್ರೆಗಳಲ್ಲೂ ಈಗ ಡಿಎನ್‌ಬಿ ನಡೆಯುತ್ತದೆ, ಅಲ್ಲಿ ಕೈತುಂಬ ಕೆಲಸ ಸಿಗುತ್ತದೆ. ಡಿಎನ್‌ಬಿ ಅಂತಿಮ ಪರೀಕ್ಷೆ ಬಿಗಿಯಾದದ್ದು. ಸೇರುವ ಮೊದಲು ಆ ಆಸ್ಪತ್ರೆಯ ಹಿಂದಿನ ತಂಡಗಳಲ್ಲಿ ಎಷ್ಟು ಮಂದಿ ಮೊದಲ ಯತ್ನಕ್ಕೆ ಪಾಸಾದರು ಎಂದು ವಿಚಾರಿಸಿ. ಮುಂದೆ ಬೋಧಕರಾಗುವ ಆಸೆಯಿದ್ದರೆ ಪಿಜಿ ಮುಗಿದ ಮೇಲೆ ಮಾಡುವ ಸೀನಿಯರ್ ರೆಸಿಡೆನ್ಸಿಯ ನಿಯಮಗಳನ್ನೂ ಆಗಲೇ ಓದಿಕೊಳ್ಳಿ.

ಮಂಡಳಿಯದೇ ಎರಡು ವರ್ಷದ ಡಿಪ್ಲೊಮಾಗಳೂ ಇವೆ. ಮಕ್ಕಳ ವೈದ್ಯ, ಪ್ರಸೂತಿ, ಅರಿವಳಿಕೆ ಮುಂತಾದ ವಿಷಯಗಳಲ್ಲಿ ಡಿಪ್ಲೊಮಾ ಪಡೆದು ತಾಲ್ಲೂಕು ಕೇಂದ್ರದಲ್ಲಿ ನೆಲೆನಿಲ್ಲುವವರು ಸಮಾಜಕ್ಕೆ ಬಹಳ ಬೇಕಾದವರು, ಮತ್ತು ಬೇಕೆಂದರೆ ಮುಂದೆ ಎರಡು ವರ್ಷದ ಡಿಎನ್‌ಬಿ ಮಾಡಲು ದಾರಿಯಿದೆ.

ಕಾಲೇಜು ಮುಖ್ಯವೋ, ವಿಷಯ ಮುಖ್ಯವೋ? ಎಂಬಿಬಿಎಸ್‌ಗೆ ಕಾಲೇಜು, ಪಿಜಿಗೆ ವಿಷಯ ಎಂದು ನಾನು ಹೇಳುತ್ತೇನೆ. ಮೆಡಿಸಿನ್ ಓದಬೇಕೆಂದು ಹಂಬಲಿಸಿದವರು ಹೆಸರಾಂತ ಸಂಸ್ಥೆಯ ಮೋಹಕ್ಕೆ ಬಿದ್ದು ಬೇಡದ ವಿಷಯಕ್ಕೆ ಸೇರಿದರೆ ಮುಂದಿನ ಮೂವತ್ತೈದು ವರ್ಷ ಆ ವಿಷಯದ ಜೊತೆಗೇ ಬದುಕಬೇಕು. ಆದರೆ ರೋಗಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಸಮುದಾಯ ವೈದ್ಯಶಾಸ್ತ್ರಗಳನ್ನು ಉಳಿದವರ ಪಾಲಿನ ಸೀಟುಗಳೆಂದು ಕಡೆಗಣಿಸುವುದು ತಪ್ಪು. ಗಡ್ಡೆಯ ತುಣುಕು ಕ್ಯಾನ್ಸರೋ ಅಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವವರ ಮಾತಿನ ಮೇಲೆಯೇ ಸರ್ಜನ್ನನ ಚಾಕು ನಿಂತಿರುತ್ತದೆ. ಅಲ್ಲಿ ರಾತ್ರಿ ಡ್ಯೂಟಿ ಕಡಿಮೆ, ಓದಿಗೆ ಸಮಯ ಹೆಚ್ಚು. ಸ್ವಭಾವಕ್ಕೆ ಒಗ್ಗುವವರಿಗೆ ಅದು ಸಂತೃಪ್ತಿಯ ಬದುಕು.

ಮೂರನೆಯ ಮಜಲು

ಹೃದ್ರೋಗ ತಜ್ಞರಾಗಬೇಕೆನ್ನುವವರು ಎಂಡಿ ಜನರಲ್ ಮೆಡಿಸಿನ್ ಮೂಲಕವೂ, ಮೂತ್ರಾಂಗ ಅಥವಾ ಜಠರ ಶಸ್ತ್ರಚಿಕಿತ್ಸಕರಾಗಬೇಕೆನ್ನುವವರು ಎಂಎಸ್ ಜನರಲ್ ಸರ್ಜರಿ ಮೂಲಕವೂ ಹೋಗಿ ಸೂಪರ್ ಸ್ಪೆಷಾಲಿಟಿಯ ಪ್ರವೇಶ ಪರೀಕ್ಷೆಯಾದ ನೀಟ್ ಎಸ್‌ಎಸ್ ಬರೆಯಬೇಕು. ಅಂದರೆ ಪಿಜಿ ವಿಷಯ ಆರಿಸುವಾಗಲೇ ಮೂರನೆಯ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಕರ್ನಾಟಕದವರಿಗೆ ಇಲ್ಲಿ ಅದೃಷ್ಟವಿದೆ: ಜಯದೇವ ಹೃದ್ರೋಗ ಸಂಸ್ಥೆ, 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ನೆಫ್ರೋ ಯುರಾಲಜಿ ಸಂಸ್ಥೆ ಎಲ್ಲವೂ ಬೆಂಗಳೂರಿನಲ್ಲೇ ಇವೆ, ಸರ್ಕಾರದ ಶುಲ್ಕದಲ್ಲಿ ಅಪಾರ ಸಂಖ್ಯೆಯ ರೋಗಿಗಳನ್ನು ನೋಡುತ್ತ ಕಲಿಯಬಹುದು. ನಿಮ್ಹಾನ್ಸ್‌ನಲ್ಲಿ ಎಂಬಿಬಿಎಸ್ ಆದ ಮೇಲೆ ನೇರವಾಗಿ ಆರು ವರ್ಷದ ನರರೋಗ ಅಥವಾ ನರಶಸ್ತ್ರಚಿಕಿತ್ಸೆಯ ತರಬೇತಿಗೆ ಸೇರುವ ದಾರಿಯಿದ್ದು, ನಡುವಿನ ಒಂದು ಪ್ರವೇಶ ಪರೀಕ್ಷೆ ತಪ್ಪುತ್ತದೆ. ಇಪ್ಪತ್ಮೂರರ ವಯಸ್ಸಿಗೆ ಮೆದುಳಿನ ಹೊರತು ಬೇರೇನೂ ಬೇಡವೆನ್ನುವಷ್ಟು ಖಚಿತವಿರುವವರಿಗೆ ಮಾತ್ರ ಅದು ತಕ್ಕದ್ದು.

ಅಮೆರಿಕ ಅಥವಾ ಬ್ರಿಟನ್ನಿನಲ್ಲಿ ತರಬೇತಿ ಪಡೆಯುವ ಯೋಚನೆಯಿದ್ದರೆ ಇಂಟರ್ನ್‌ಷಿಪ್‌ವರೆಗೆ ಕಾಯಬಾರದು. ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇಯ ಮೊದಲ ಹಂತವನ್ನು 2022ರಿಂದ ಪಾಸು ಅಥವಾ ನಪಾಸು ಎಂದಷ್ಟೇ ಪ್ರಕಟಿಸುವುದರಿಂದ ಎರಡನೆಯ ಹಂತದ ಅಂಕ ಮತ್ತು ಅಲ್ಲಿನ ಆಸ್ಪತ್ರೆಗಳ ಅನುಭವಕ್ಕೆ ಬೆಲೆ ಹೆಚ್ಚಾಗಿದೆ. ಪರೀಕ್ಷಾ ಶುಲ್ಕ, ಪ್ರಯಾಣ, ಸಂದರ್ಶನ ಸೇರಿ ಹಲವು ಲಕ್ಷ ರೂಪಾಯಿಗಳು ಸೀಟು ಸಿಗುವ ಮುನ್ನವೇ ಖರ್ಚಾಗುತ್ತವೆ.

ಕಡ್ಡಾಯ ಸೇವೆಯ ವರ್ಷ

ಪೋಷಕರು ಶಿಕ್ಷೆಯೆಂಬಂತೆ ಕೇಳುವ ಕೊನೆಯ ಪ್ರಶ್ನೆ ಕಡ್ಡಾಯ ಸೇವೆಗೆ ಬರೆದುಕೊಡುವ ಬಾಂಡ್‌ನದ್ದು. ಕರ್ನಾಟಕದಲ್ಲಿ 2012ರ ಕಾಯ್ದೆ ವೈದ್ಯಕೀಯ ಪದವೀಧರರಿಗೆ ಒಂದು ವರ್ಷದ ಸರ್ಕಾರಿ ಸೇವೆಯನ್ನು ಕಡ್ಡಾಯ ಮಾಡಿತು. ನಂತರದ ತಿದ್ದುಪಡಿಯಿಂದ ಖಾಲಿ ಹುದ್ದೆಗಳಿಗೆ ಅನುಗುಣವಾಗಿ ಕರೆಯುವ ಕ್ರಮ ಬಂದಿದೆ. ತಪ್ಪಿಸಿದರೆ ದಂಡ ದೊಡ್ಡದು. ಬೇರೆ ರಾಜ್ಯಗಳ ಸರ್ಕಾರಿ ಕಾಲೇಜಿಗೆ ಅಖಿಲ ಭಾರತ ಕೋಟಾದಲ್ಲಿ ಸೇರುವವರು ಅಲ್ಲಿನ ಬಾಂಡ್ ಎಷ್ಟು ವರ್ಷದ್ದು, ಎಷ್ಟು ಹಣದ್ದು ಎಂದು ಸೇರುವ ಮೊದಲೇ ತಿಳಿಯಬೇಕು, ಏಕೆಂದರೆ ರಾಜ್ಯದಿಂದ ರಾಜ್ಯಕ್ಕೆ ಅದು ಬಹಳ ಬೇರೆ.

ಈ ವರ್ಷವನ್ನು ಕಳೆದುಹೋದ ಕಾಲವೆಂದು ನಾನು ಎಣಿಸುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ವೈದ್ಯರಾಗಿ ಕುಳಿತಾಗ ಬೆಳಿಗ್ಗೆ ಜ್ವರದ ಮಗು, ಮಧ್ಯಾಹ್ನ ಹಾವು ಕಚ್ಚಿದ ರೈತ, ಸಂಜೆ ರಕ್ತದೊತ್ತಡ ಏರಿದ ಗರ್ಭಿಣಿ, ರಾತ್ರಿ ಎದೆನೋವೆಂದು ಬೈಕಿನಲ್ಲಿ ಕರೆತಂದ ಹಿರಿಯರು ಎದುರಿಗಿರುತ್ತಾರೆ. ಯಾವ ರೋಗಿಯನ್ನು ದೊಡ್ಡಾಸ್ಪತ್ರೆಗೆ ಕಳಿಸಿದ ಮೇಲೂ ಅವರಿಗೇನಾಯಿತೆಂದು ಮನಸ್ಸು ಕೇಳುತ್ತಲೇ ಇರುತ್ತದೆ, ಯಾರ ಕಾಯಿಲೆಯ ಬಗ್ಗೆ ಡ್ಯೂಟಿ ಮುಗಿದ ಮೇಲೂ ಪುಸ್ತಕ ತೆರೆಯಬೇಕೆನಿಸುತ್ತದೆ ಎಂಬುದನ್ನು ಒಂದು ಡೈರಿಯಲ್ಲಿ ಬರೆದಿಡುವಂತೆ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಪಿಜಿ ಕೌನ್ಸೆಲಿಂಗ್‌ಗೆ ಆಪ್ಷನ್ ಬರೆಯಲು ಕೂರುವ ದಿನ ಕಟ್‌ಆಫ್ ಪಟ್ಟಿಯ ಪಕ್ಕದಲ್ಲಿ ಆ ಡೈರಿಯನ್ನೂ ಇಟ್ಟುಕೊಂಡು ಕುಳಿತುಕೊಳ್ಳಿ.